ಗರಗ ಬೆಳೆಯೋದು ಸುಲಭ, ಒಣಗಿಸೋದೇ ಕಷ್ಟ

“ಗರಗ ಹಾಕಿದ್ರ ನಡೀತದೇನ್ರಿ?” ಮಿರಗದ ಮಳೆ ಹತ್ತಿರ ಬಂತು ಅಂದ್ರೆ ಭಾಲ್ಕಿ, ಔರಾದ್ ಕಡೆಯ ರೈತರಿಂದ ಈ ಪ್ರಶ್ನೆ ಬರ್ತದೆ. ಕಾರಣ ಎಲ್ಲರಿಗೂ ಗೊತ್ತಿರೋದೇ. ಸೋಯಾ ದರದ ಮೇಲೆ ಭರವಸೆ ಇಲ್ಲ. ತೊಗರಿಗೆ ನೆಟೆ ರೋಗದ ಹೆದರಿಕೆ. ಹಸಿ ಶುಂಠಿ ಒಂದು ವರ್ಷ ಕೈ ಹಿಡಿದ್ರೆ ಮತ್ತೊಂದು ವರ್ಷ ಕೈ ಬಿಡ್ತದೆ. ಇದರ ನಡುವೆ, ಕೂದಲೆಣ್ಣೆ ಜಾಹೀರಾತಿನಲ್ಲಿ ದಿನಾ ಕೇಳುವ ‘ಭೃಂಗರಾಜ’ ಅಂದ್ರೆ ನಮ್ಮ ಬಾವಿ ಬದುವಿನ ಮೇಲೆ ತಾನಾಗಿ ಹುಟ್ಟುವ ಗರಗ ಅಂತ ಗೊತ್ತಾದಾಗ ಆಸೆ ಹುಟ್ಟೋದು ಸಹಜ. “ಸಸಿ ನಾವೇ ಕೊಡ್ತೀವಿ, ಮಾಲು ನಾವೇ ತಗೋತೀವಿ” ಅನ್ನೋರೂ ಬರ್ತಾರೆ.

ನನ್ನ ಉತ್ತರ ಇಷ್ಟು. ನೀರಿನ ಆಸರೆ ಇದ್ದ ಕಡೆ ಗರಗ ಖಂಡಿತ ಬೆಳೀತದೆ. ಆದರೆ ಎಷ್ಟು ಗುಂಟೆ ಹಾಕಬೇಕು ಅನ್ನೋದನ್ನ ನಿಮ್ಮ ಹೊಲ ನೋಡಿ ತೀರ್ಮಾನ ಮಾಡಬೇಡ್ರಿ. ನಿಮ್ಮ ಹತ್ರ ಒಣಗಿಸೋ ಜಾಗ ಎಷ್ಟಿದೆ ಅನ್ನೋದನ್ನ ನೋಡಿ ತೀರ್ಮಾನ ಮಾಡ್ರಿ. ಯಾಕೆ ಅಂತ ಲೆಕ್ಕ ಸಮೇತ ಈ ವಾರ ನೋಡೋಣ.

ಮೊದಲು ಗಿಡ ಗುರುತು ಹಿಡೀರಿ

ಗರಗ ಸೂರ್ಯಕಾಂತಿ, ಸೇವಂತಿಗೆ, ಕುಸುಬಿ, ಗುರೆಳ್ಳು ಇವುಗಳ ಕುಟುಂಬದ ಗಿಡ. ವೈಜ್ಞಾನಿಕ ಹೆಸರು ಎಕ್ಲಿಪ್ಟಾ ಪ್ರಾಸ್ಟ್ರೇಟಾ. ಹಳೆಯ ಪುಸ್ತಕಗಳಲ್ಲಿ ಎಕ್ಲಿಪ್ಟಾ ಆಲ್ಬಾ ಅಂತ ಇರುತ್ತದೆ, ಎರಡೂ ಒಂದೇ. ಕನ್ನಡದಲ್ಲಿ ಗರಗ, ಗರುಗ, ಕಾಡಿಗ್ಗರಗ ಅಂತಾರೆ. ಇದರ ರಸದಲ್ಲಿ ಬಟ್ಟೆ ನೆನೆಸಿ, ಒಣಗಿಸಿ, ಬತ್ತಿ ಮಾಡಿ ಉರಿಸಿ, ಆ ಮಸಿಯಿಂದ ಕಣ್ಣಿಗೆ ಕಾಡಿಗೆ ಮಾಡ್ತಿದ್ದರು. ಹಾಗಾಗಿ ಆ ಹೆಸರು.

ನಮ್ಮ ಜಿಲ್ಲೆ ಮಹಾರಾಷ್ಟ್ರ, ತೆಲಂಗಾಣ ಎರಡರ ಗಡಿಯಲ್ಲಿರೋದರಿಂದ ವ್ಯಾಪಾರಿ ಯಾವ ಹೆಸರು ಹೇಳ್ತಾನೆ ಅನ್ನೋದು ತಿಳಿದಿರಬೇಕು. ಉದಗೀರ, ಲಾತೂರ ಕಡೆಯವರು ‘ಮಾಕಾ’ ಅಂತಾರೆ. ತೆಲುಗಿನವರು ‘ಗುಂಟಗಲಗರ’ ಅಂತಾರೆ. ಹಿಂದಿ, ಉರ್ದು ಮಾತಾಡೋರು ‘ಭಾಂಗ್ರಾ’ ಅಂತಾರೆ. ಎಲ್ಲಾ ಒಂದೇ ಗಿಡ.

ಗಿಡದ ಗುರುತು ಹೀಗಿದೆ. ಎಲೆ ಎದುರುಬದುರು ಜೋಡಿಯಾಗಿ ಇರುತ್ತವೆ, ಉದ್ದಗೆ, ಭರ್ಜಿಯಂತೆ ತುದಿ ಚೂಪು, ತೊಟ್ಟು ಇಲ್ಲವೇ ಇಲ್ಲ ಅನ್ನೋ ಹಾಗೆ. ಕಾಂಡ ಮುಟ್ಟಿದರೆ ಒರಟು, ಹಲವು ಕಡೆ ಕೆಂಪು ಛಾಯೆ. ಹೂವು ಬಿಳಿ, ಅಂಗಿ ಗುಂಡಿಯಷ್ಟು ಚಿಕ್ಕದು. ಕಾಂಡ ನೆಲ ಮುಟ್ಟಿದ ಗೆಣ್ಣಿನಲ್ಲೆಲ್ಲಾ ಬೇರು ಬಿಡ್ತದೆ. ಇಷ್ಟಾದರೂ ಅನುಮಾನ ಇದ್ದರೆ ಎಳೆ ಕಾಂಡ, ಎಲೆ ಅಂಗೈಯಲ್ಲಿ ಹಾಕಿ ಚೆನ್ನಾಗಿ ತಿಕ್ಕಿ ಸ್ವಲ್ಪ ಹೊತ್ತು ಬಿಡ್ರಿ. ಹಸಿರು ರಸ ಕಪ್ಪಾಗ್ತಾ ಬಂದರೆ ಅದು ಗರಗ.

ಮೂರು ಗಿಡಗಳಲ್ಲಿ ಮೋಸ ಹೋಗಬಹುದು. ಒಂದು, ಟ್ರೈಡ್ಯಾಕ್ಸ್. ಮರಾಠಿಯಲ್ಲಿ ದಗಡಿಪಾಲಾ, ತೆಲುಗಿನಲ್ಲಿ ಗಡ್ಡಿ ಚಾಮಂತಿ. ಒಣ ಬದುವಿನಲ್ಲೂ ರಸ್ತೆ ಪಕ್ಕದಲ್ಲೂ ಇರುತ್ತದೆ. ಗೇಣುದ್ದದ ಬರೀ ಕಡ್ಡಿಯ ತುದಿಗೆ ಒಂದೇ ಹೂವು, ನಡುವೆ ಹಳದಿ, ಸುತ್ತ ಕೆಲವೇ ಮಾಸಲು ಬಿಳಿ ಎಸಳು. ಎರಡು, ಕೈತೋಟಗಳಲ್ಲಿ ನೆಲಹಾಸಿಗೆ ಹಚ್ಚುವ ಹಳದಿ ಹೂವಿನ ವೆಡೇಲಿಯಾ ಬಳ್ಳಿ. ಇದನ್ನು ‘ಹಳದಿ ಭೃಂಗರಾಜ’ ಅಂತ ಮಾರೋರು ಇದ್ದಾರೆ. ಆಯುರ್ವೇದದಲ್ಲಿ ಹೇಳುವ ಹಳದಿ ಭೃಂಗರಾಜ ಇದರ ಸಂಬಂಧಿ ಗಿಡವೇ ಹೊರತು ಇದೇ ಅಲ್ಲ. ಮೂರು, ಕಾಂಗ್ರೆಸ್ ಕಸ. ದೊಡ್ಡ ಗಿಡದಲ್ಲಿ ಯಾರಿಗೂ ಗೊಂದಲ ಆಗೋದಿಲ್ಲ. ಆದರೆ ಕೊಯ್ಲಿನ ರಾಶಿಯಲ್ಲಿ ಅದರ ನಾಲ್ಕು ಕಡ್ಡಿ ಸೇರಿದರೂ ಮಾಲು ಕೆಟ್ಟ ಹಾಗೆ. ಅದು ಚರ್ಮಕ್ಕೆ ತುರಿಕೆ, ಅಲರ್ಜಿ ತರುವ ಗಿಡ.

ಪುಕ್ಕಟೆ ಸಿಗೋ ಕಸ ಬೆಳೀಬೇಕು ಯಾಕೆ?

ಒಳ್ಳೆಯ ಪ್ರಶ್ನೆ. ಗರಗ ತೇವ ಇದ್ದ ಕಡೆಯೆಲ್ಲಾ ಬರ್ತದೆ. ಬೀದರ್ ನಗರ ಕೂತಿರೋದು ಜಂಬಿಟ್ಟಿಗೆ ಕಲ್ಲಿನ ಎತ್ತರದ ಮೇಲೆ. ಮಳೆ ನೀರು ಆ ಕಲ್ಲಿನಲ್ಲಿ ಇಂಗಿ ಅಂಚಿನಲ್ಲಿ ಒಸರುತ್ತದೆ. ಗುರುನಾನಕ್ ಝಿರಾ, ಝರಣಿ ನರಸಿಂಹ, ಪಾಪನಾಶ ಇವೆಲ್ಲಾ ಅಂಥ ಒಸರಿನ ಜಾಗಗಳೇ. ಇಂಥ ಒಸರಿನ ಕೆಳಗೆ, ಮಾಂಜ್ರಾ ನದಿ ದಂಡೆ ಮೇಲೆ, ಭಾಲ್ಕಿ ತಾಲೂಕಿನ ಕಾರಂಜಾ ಕಾಲುವೆ ಬದಿಯಲ್ಲಿ, ಕಬ್ಬಿನ ಹೊಲದ ನೀರಿನ ಸಾಲಿನಲ್ಲಿ ಗರಗ ಹುಡುಕಿದರೆ ಸಿಗ್ತದೆ.

ಆದರೆ ಅದು ಅತಿ ದಟ್ಟವಾಗಿ ಬೆಳೆಯೋದು ಎಲ್ಲಿ ಅಂತ ಗಮನಿಸಿದ್ದೀರಾ? ಊರ ಗಟಾರದಲ್ಲಿ. ಬಚ್ಚಲ ನೀರು ಹೋಗೋ ಚರಂಡಿ ಅಂಚಿನಲ್ಲಿ. ಗಟಾರದಲ್ಲಿ ಬೆಳೆದ ಗಿಡ ಅಲ್ಲಿಯ ಹೊಲಸನ್ನೂ, ಸೀಸ, ಕ್ಯಾಡ್ಮಿಯಂನಂಥ ಭಾರ ಲೋಹಗಳಿದ್ದರೆ ಅವನ್ನೂ ಹೊತ್ತುಕೊಂಡೇ ಬರ್ತದೆ. ಕಬ್ಬಿನ ಹೊಲದಲ್ಲಿ ಹುಟ್ಟಿದ್ದಕ್ಕೆ ಕಳೆನಾಶಕ ತಾಕಿರುತ್ತದೆ. ಹೀಗೆ ಆಯ್ದು ತಂದ ಮಾಲಿನಲ್ಲಿ ಮಣ್ಣು, ಬೇರೆ ಗಿಡ, ಪ್ಲಾಸ್ಟಿಕ್ ಚೂರು ಎಲ್ಲಾ ಇರುತ್ತದೆ. ಔಷಧಿ ತಯಾರಿಸುವ ಕಂಪನಿಗಳು ಬೂದಿ ಪ್ರಮಾಣ, ಭಾರ ಲೋಹ, ಸೂಕ್ಷ್ಮಾಣು ಎಲ್ಲಾ ಪರೀಕ್ಷೆ ಮಾಡಬೇಕು. ಅಂಥವರಿಗೆ ಬೇಕಾಗಿರೋದು ಸರಿಯಾದ ಗಿಡ, ಶುದ್ಧ ಮಾಲು, ಎಲ್ಲಿ ಬೆಳೆದದ್ದು ಅನ್ನೋ ದಾಖಲೆ.

ಅಂದ್ರೆ ಬೆಳೆದವನಿಗೆ ಇರೋ ಒಂದೇ ಬಲ ಈ ಶುದ್ಧತೆ. ಅದನ್ನು ಬಿಟ್ಟು ಸಾಧಾರಣ ಮಾಲು ಮಾಡಿದರೆ ನೀವು ಪುಕ್ಕಟೆ ಆಯ್ದು ತರೋರ ಜೊತೆ ದರದಲ್ಲಿ ಪೈಪೋಟಿ ಮಾಡಬೇಕು. ಅದರಲ್ಲಿ ಗೆಲ್ಲೋದು ಆಗೋದಿಲ್ಲ.

ಯಾರ ಹೊಲಕ್ಕೆ ಹೊಂದುತ್ತದೆ?

ನಮ್ಮದು ಈಶಾನ್ಯ ಪರಿವರ್ತನಾ ವಲಯ. ವರ್ಷಕ್ಕೆ ಸುಮಾರು 850 ಮಿ.ಮೀ. ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಒಂದೇ ಜಿಲ್ಲೆ ಆದರೂ ಮೂರು ಕಡೆ ಮೂರು ಥರ.

ಭಾಲ್ಕಿ ಕಡೆ ಕಾಲುವೆ ಅಥವಾ ಬಾವಿ ನೀರಿರುವ ಕರಿ ಮಣ್ಣು ಗರಗಕ್ಕೆ ಚಲೋ. ತೇವ ಹಿಡಿದಿಡುತ್ತದೆ. ಒಂದೇ ತೊಂದರೆ, ಮಳೆಗೆ ಕೆಸರು ಸಿಡಿದು ಎಲೆಗೆ ಹತ್ತುತ್ತದೆ. ಅದಕ್ಕೆ ಏರು ಮಡಿ, ಮೇಲೆ ಹೊದಿಕೆ ಬೇಕೇ ಬೇಕು.

ಬೀದರ್ ನಗರದ ಸುತ್ತಲಿನ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ನೀರು ಬೇಗ ಬಸಿಯುತ್ತದೆ. ಗೊಬ್ಬರ ಹೆಚ್ಚು ಕೊಟ್ಟು ಡ್ರಿಪ್ ಹಾಕಿದರೆ ಬರುತ್ತದೆ. ಶಹರಿನ ಗಟಾರದ ನೀರು ಮಾತ್ರ ಎಷ್ಟೇ ಸುಲಭವಾಗಿ ಸಿಕ್ಕರೂ ಮುಟ್ಟಬೇಡ್ರಿ.

ಔರಾದ್‌ನಲ್ಲಿ ಹೆಚ್ಚಿನದು ಮಳೆಯಾಶ್ರಿತ ಜಮೀನು. ಬಾವಿ ಅಥವಾ ಕೃಷಿ ಹೊಂಡದ ಪಕ್ಕ ನಾಲ್ಕಾರು ಗುಂಟೆ ಇದ್ದರೆ ಸರಿ. ಉಳಿದ ಒಣ ಹೊಲಕ್ಕೆ ಗರಗ ಬೆಳೆ ಅಲ್ಲವೇ ಅಲ್ಲ. ಅಲ್ಲಿ ಇದೇ ಕುಟುಂಬದ ಕುಸುಬಿ ಇದೆ, ಗುರೆಳ್ಳು ಇದೆ. ಅವು ನಮ್ಮ ಹಿರಿಯರು ಸುಮ್ಮನೆ ಇಟ್ಟುಕೊಂಡ ಬೆಳೆಗಳಲ್ಲ.

ಇನ್ನೆರಡು ಎಚ್ಚರಿಕೆ. ಸೋಯಾದಲ್ಲಿ ಇಮಾಝೆಥಾಪೈರ್ ಕಳೆನಾಶಕ ಹೊಡೆದ ಹೊಲದಲ್ಲಿ ಅದೇ ವರ್ಷ ಗರಗ ಹಾಕಬೇಡ್ರಿ. ಅದರ ಶೇಷ ಮಣ್ಣಿನಲ್ಲಿ ಉಳಿಯುತ್ತದೆ. ಟೊಮೆಟೊ, ಬದನೆ ಬೇರಿನಲ್ಲಿ ಗಂಟು ಕಂಡ ಜಾಗವೂ ಬೇಡ. ಬೇರುಗಂಟು ಜಂತುಹುಳಕ್ಕೆ ಗರಗವೂ ಆಸರೆ ಕೊಡ್ತದೆ.

ಸಸಿಗೆ ದುಡ್ಡು ಕೊಡೋದು ಬೇಕಾಗಿಲ್ಲ

ನನ್ನ ಪರಿಚಯದ ಭಾಲ್ಕಿ ಕಡೆಯ ರೈತರೊಬ್ಬರು ಒಂದು ಎಕರೆಗೆ ಆಗುವಷ್ಟು ಸಸಿ ದುಡ್ಡು ಕೊಟ್ಟು ಕೊಂಡರು. ಸಸಿ ಕೊಟ್ಟವರೇ ಮಾಲು ತಗೋತೀವಿ ಅಂದಿದ್ದರು. ಬರವಣಿಗೆ ಇರಲಿಲ್ಲ. ಕೊಯ್ಲಿನ ಹೊತ್ತಿಗೆ ಫೋನು ಹತ್ತಲಿಲ್ಲ. ಆಮೇಲೆ ನೋಡಿದರೆ ಅದೇ ಗಿಡ ಅವರ ಬಾವಿ ಕಾಲುವೆಯಲ್ಲೇ ಇತ್ತು. ಸಸಿ ಮಾರೋದರಲ್ಲೇ ಲಾಭ ಮಾಡಿಕೊಳ್ಳೋರಿಗೆ ನಿಮ್ಮ ಕೊಯ್ಲಿನ ಚಿಂತೆ ಇರೋದಿಲ್ಲ.

ಬೀಜ ನೀವೇ ಆಯಬಹುದು. ಗಟಾರ, ಕಳೆನಾಶಕ ಎರಡೂ ಇಲ್ಲದ ಜಾಗದಲ್ಲಿ ಚೆನ್ನಾಗಿ ಬೆಳೆದ ಗಿಡ ಗುರುತು ಹಾಕಿಕೊಳ್ರಿ. ಹೂವಿನ ಎಸಳು ಉದುರಿ, ಹಸಿರು ತಟ್ಟೆಯಂಥ ತಲೆ ಕಂದು-ಕಪ್ಪು ಆದಾಗ ಕೈಯಲ್ಲಿ ತಿಕ್ಕಿದರೆ ಬೀಜ ಬಿಡುತ್ತದೆ. ಒಂದು ಗಿಡದಲ್ಲೇ ಸಾವಿರಾರು ಬೀಜ. ನೆರಳಲ್ಲಿ ಒಣಗಿಸಿ ಕಾಗದದ ಚೀಲದಲ್ಲಿ ಇಡ್ರಿ.

ಬಿತ್ತುವಾಗ ಮುಖ್ಯವಾದ ಮಾತು ಒಂದು. ಗರಗದ ಬೀಜ ಮೊಳೆಯೋಕೆ ಬೆಳಕು ಬೇಕು. ಮಣ್ಣಿನಲ್ಲಿ ಅರ್ಧ ಸೆಂ.ಮೀ. ಆಳಕ್ಕೆ ಹೋದರೂ ಮೇಲೆ ಬರೋದು ಕಷ್ಟ. ನಾವು ಬೇರೆ ಬೀಜಕ್ಕೆ ಮಾಡೋ ಹಾಗೆ ಮೇಲೆ ಗೊಬ್ಬರ ಉದುರಿಸಿ ಮುಚ್ಚಿದರೆ ‘ಬೀಜ ಖೋಟಾ’ ಅನ್ನಿಸೋದು ಇದಕ್ಕೇ. ಹೀಗೆ ಮಾಡ್ರಿ.

1. ಮಡಿಯ ಮೇಲ್ಮಣ್ಣು ಸಣ್ಣಗೆ ಮಾಡಿ, ಸಮ ಮಾಡಿ, ನೀರು ಹಾಕಿ ತೇವ ಮಾಡ್ರಿ.
2. ಒಂದು ಪಾಲು ಬೀಜಕ್ಕೆ ಹತ್ತು ಪಾಲು ಸಣ್ಣ ಮರಳು ಬೆರೆಸಿ ಮೇಲೆ ಉದುರಿಸ್ರಿ.
3. ಅಂಗೈಯಿಂದ ಹಗುರಾಗಿ ಒತ್ತಿ ಬಿಡ್ರಿ. ಮಣ್ಣು ಮುಚ್ಚಬೇಡ್ರಿ.
4. ಸಣ್ಣ ತೂತಿನ ಝಾರಿಯಿಂದ ದಿನಕ್ಕೆ ಎರಡು ಸಲ ನೀರು. ಜೋರು ಮಳೆ ಬಂದರೆ ಬೀಜ ಕೊಚ್ಚಿ ಹೋಗದ ಹಾಗೆ ಮೇಲೆ ಹಸಿರು ನೆಟ್ ಕಟ್ರಿ.

ಐದಾರು ವಾರಕ್ಕೆ ನಾಟಿಗೆ ಸಸಿ ಬರುತ್ತದೆ. ಎರಡನೇ ದಾರಿ ಇನ್ನೂ ಸುಲಭ. ಎರಡು ಮೂರು ಗೆಣ್ಣಿರುವ ನಾಲ್ಕು ಬೆರಳುದ್ದದ ಕಾಂಡದ ತುಂಡು ಕತ್ತರಿಸಿ, ಒಂದು ಗೆಣ್ಣು ಮಣ್ಣೊಳಗೆ ಹೋಗುವ ಹಾಗೆ ಊರಿ ತೇವ ಇಟ್ಟರೆ ಎರಡು ವಾರದೊಳಗೆ ಬೇರು ಹಿಡೀತದೆ. ಮೊದಲ ಮಡಿಗಳಿಗೆ ಬೀಜದ ಸಸಿ, ಮುಂದಿನ ಮಡಿಗಳಿಗೆ ಅದೇ ಗಿಡದ ತುಂಡು, ಹೀಗೆ ಹೋದರೆ ಖರ್ಚೇ ಇಲ್ಲ.

ನಾಟಿ ಯಾವಾಗ?

ಮಿರಗಕ್ಕೇ ಹಾಕಿಬಿಡೋಣ ಅಂತ ಅನಿಸ್ತದೆ. ಬೇಡ. ನಾಟಿ ಮಾಡಿದ ಸುಮಾರು 60 ದಿನಕ್ಕೆ ಹೂವು ತುಂಬಿ ಮೊದಲ ಕೊಯ್ಲಿಗೆ ಬರುತ್ತದೆ. ಜೂನ್‌ ಕೊನೆಯಲ್ಲಿ ನಾಟಿ ಮಾಡಿದರೆ ಕೊಯ್ಲು ಮಘಾ ಮಳೆಯಲ್ಲಿ ಬರುತ್ತದೆ. ಹೊರಗೆ ಜಿಟಿಜಿಟಿ, ಗಾಳಿಯಲ್ಲಿ ತೇವ, ಒಣಗಿಸೋದು ಎಲ್ಲಿ? ಮಾಲು ಎರಡೇ ದಿನಕ್ಕೆ ಬೂಸ್ಟು ಹಿಡಿದು ಕಪ್ಪಾಗ್ತದೆ.

ಅದಕ್ಕೆ ಹಿಂದಿನಿಂದ ಲೆಕ್ಕ ಹಾಕ್ರಿ. ಮಳೆ ಹಿಂದೆ ಸರಿದು ಬಿಸಿಲು ಬೀಳೋದು ಚಿತ್ತಿ ಮಳೆ ಹೊತ್ತಿಗೆ, ಅಂದ್ರೆ ಅಕ್ಟೋಬರ್ ಎರಡನೇ ವಾರ. ಕೊಯ್ಲು ಆಗ ಬರಬೇಕಾದರೆ ನಾಟಿ ಆಗಸ್ಟ್ ಎರಡನೇ ವಾರ, ಆಶ್ಲೇಷ ಮಳೆಯಲ್ಲಿ. ಸಸಿ ಮಡಿ ಜುಲೈ ಮೊದಲ ವಾರ, ಪುನರ್ವಸು ಹತ್ತಿದಾಗ. ಹೆಸರು, ಉದ್ದು ತೆಗೆದ ಜಾಗಕ್ಕೂ ಆಗಸ್ಟ್ ಕೊನೆ, ಸೆಪ್ಟೆಂಬರ್ ನಾಟಿ ಸರಿಹೋಗ್ತದೆ.

ಮಡಿ 1 ಮೀಟರ್ ಅಗಲ, ಒಂದು ಗೇಣು ಎತ್ತರ, ನಡುವೆ ಓಡಾಡೋಕೆ 40 ಸೆಂ.ಮೀ. ದಾರಿ. ಮಡಿ ಮೇಲೆ ನಾಲ್ಕು ಸಾಲು, ಸಾಲಿಂದ ಸಾಲಿಗೆ 25 ಸೆಂ.ಮೀ., ಸಸಿಯಿಂದ ಸಸಿಗೆ 25 ಸೆಂ.ಮೀ. ಒಂದು ಗುಂಟೆಯಲ್ಲಿ ದಾರಿ ಕಳೆದು ಸುಮಾರು 72 ಚದರ ಮೀಟರ್ ಮಡಿ ಸಿಗ್ತದೆ. ಅದಕ್ಕೆ ಸುಮಾರು 1,150 ಸಸಿ ಬೇಕು.

ಗುಂಟೆಗೆ 100 ಕಿಲೊ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಮಡಿ ಮಾಡುವಾಗಲೇ ಮಣ್ಣಿಗೆ ಸೇರಿಸ್ರಿ. ಪ್ರತಿ ಕೊಯ್ಲಿನ ನಂತರ ಸಾಲಿನ ನಡುವೆ ಸ್ವಲ್ಪ ಎರೆಗೊಬ್ಬರ ಕೊಡ್ರಿ. ಹಸಿ ಸಗಣಿ ಬೇಡ. ಜೀವಾಮೃತ ಮಾಡೋರು ಅದನ್ನು ನೆಲಕ್ಕೇ ಕೊಡಬೇಕು, ಎಲೆ ಮೇಲೆ ಸಿಂಪಡಿಸಬಾರದು. ಕೊಯ್ಲಿಗೆ 25 ದಿನ ಇರುವಾಗಲೇ ಅದನ್ನೂ ನಿಲ್ಲಿಸ್ರಿ. ಎಲೆಗೆ ಸಗಣಿ ನೀರು ಬಿದ್ದರೆ ಸೂಕ್ಷ್ಮಾಣು ಪರೀಕ್ಷೆಯಲ್ಲಿ ಮಾಲು ಫೇಲಾಗ್ತದೆ. ಸಾವಯವ ಅಂದ ಮಾತ್ರಕ್ಕೆ ಸ್ವಚ್ಛ ಅಂತ ಅರ್ಥ ಅಲ್ಲ.

ನಾಟಿ ಮುಗಿದ ಹತ್ತು ದಿನಕ್ಕೆ ಸೋಯಾ ಹೊಟ್ಟು ಅಥವಾ ಕಬ್ಬಿನ ರವದಿ ಹೊದಿಕೆ ಹಾಕ್ರಿ, ಕಳೆನಾಶಕ ಹೊಡೆಯದ ಹೊಲದ್ದೇ ಇರಲಿ. ತೇವ ಉಳೀತದೆ, ಕೆಸರು ಸಿಡಿಯೋದಿಲ್ಲ, ಕಸವೂ ಕಡಿಮೆ. ಮಳೆ ನಿಂತ ಮೇಲೆ ಕರಿ ಮಣ್ಣಿನಲ್ಲಿ ವಾರಕ್ಕೊಮ್ಮೆ, ಕೆಂಪು ಮಣ್ಣಿನಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ ನೀರು. ಮೇಲ್ಮಣ್ಣು ಬಿರುಕು ಬಿಡಬಾರದು, ಅಷ್ಟೇ ಅಳತೆ.

ಕಸ, ಹುಳ

ಮೊದಲ ಒಂದು ತಿಂಗಳು ಎರಡು ಸಲ ಖುರ್ಪಿ ಆಡಿಸಿದರೆ ಸಾಕು, ಆಮೇಲೆ ಗರಗವೇ ನೆಲ ಮುಚ್ಚುತ್ತದೆ. ಕೊಯ್ಲಿನ ಹಿಂದಿನ ದಿನ ಮಾತ್ರ ಮಡಿ ಮಡಿ ನೋಡಿ ಬೇರೆ ಗಿಡ ಕಿತ್ತು ಹಾಕ್ರಿ. ಕೊಯ್ದ ರಾಶಿಯಲ್ಲಿ ಕಾಂಗ್ರೆಸ್ ಕಸ ಹುಡುಕೋದಕ್ಕಿಂತ ನಿಂತ ಮಡಿಯಲ್ಲಿ ಕೀಳೋದು ಹತ್ತು ಪಟ್ಟು ಸುಲಭ.

ಹೇನು, ಎಲೆ ತಿನ್ನುವ ಹುಳು ಅಲ್ಲಲ್ಲಿ ಬರುತ್ತವೆ. ಎರಡು ಗಂಟೆ ಕೈಯಿಂದ ಆರಿಸಿದರೆ ಮುಗೀತದೆ. ಹೆಚ್ಚಾದರೆ ಬೇವಿನ ಬೀಜದ ಕಷಾಯ ಶೇಕಡಾ 5ರಷ್ಟು, ಅದೂ ಎಳೆ ಗಿಡದಲ್ಲಿ ಮಾತ್ರ. ಎಲೆಯೇ ಮಾಲು ಆದ್ದರಿಂದ ಕೊಯ್ಲು ಹತ್ತಿರ ಬಂದಾಗ ಏನೂ ಹೊಡೆಯೋ ಹಾಗಿಲ್ಲ. ರೋಗ ಹತ್ತಿದ ಮಡಿ ಇದ್ದರೆ ಬೇಗ ಕೊಯ್ದು ಗೊಬ್ಬರದ ಗುಂಡಿಗೆ ಹಾಕ್ರಿ.

ಇನ್ನೊಂದು ಮಾತು. ಇದು ಹುಟ್ಟಾ ಕಸ. ಬೀಜ ಬಲಿತು ಉದುರಿದರೆ ಮುಂದಿನ ವರ್ಷ ನಿಮ್ಮ ಮತ್ತು ಪಕ್ಕದವರ ತರಕಾರಿ ಮಡಿಯಲ್ಲೆಲ್ಲಾ ಗರಗ. ಬೀಜಕ್ಕೆ ಹತ್ತು ಗಿಡ ಬಿಟ್ಟು ಉಳಿದದ್ದನ್ನು ಹೂವಿನಲ್ಲೇ ಕೊಯ್ದುಬಿಡಬೇಕು.

ಕೊಯ್ಲು

ಅರ್ಧಕ್ಕಿಂತ ಹೆಚ್ಚು ಗಿಡ ಹೂವಿಗೆ ಬಂದಾಗ, ಇಬ್ಬನಿ ಆರಿದ ಮೇಲೆ, ಕುಡಗೋಲಿನಿಂದ ನೆಲದಿಂದ ನಾಲ್ಕು ಬೆರಳು ಬಿಟ್ಟು ಕೊಯ್ರಿ. ಮತ್ತೆ ಚಿಗುರಿ 42ರಿಂದ 45 ದಿನಕ್ಕೆ ಎರಡನೇ ಕೊಯ್ಲು. ಡಿಸೆಂಬರ್, ಜನವರಿ ಚಳಿಯಲ್ಲಿ ಬೆಳವಣಿಗೆ ನಿಧಾನ, ಇನ್ನೂ ಹತ್ತು ಹದಿನೈದು ದಿನ ಹೆಚ್ಚು ಹಿಡೀತದೆ. ಆಯುರ್ವೇದ ಔಷಧಕೋಶದಲ್ಲಿ ಭೃಂಗರಾಜ ಅಂದರೆ ಬೇರು ಸಮೇತ ಇಡೀ ಗಿಡ. ಕೆಲವರು ಬರೀ ಎಲೆ ಕೇಳ್ತಾರೆ. ನಿಮ್ಮ ಖರೀದಿದಾರನಿಗೆ ಏನು ಬೇಕು ಅಂತ ನಾಟಿಗೆ ಮೊದಲೇ ಕೇಳ್ರಿ. ಬೇರು ಬೇಕಂದರೆ ಕೊನೆಯ ಕೊಯ್ಲಿನಲ್ಲಿ ಕೀಳಬಹುದು.

ಕೊಯ್ದದ್ದನ್ನು ಶುದ್ಧ ನೀರಿನಲ್ಲಿ ಜಾಲಾಡಿ, ನೀರು ಬಸಿದು, ತಕ್ಷಣ ಹರಡಬೇಕು. ಸಂಜೆ ಕೊಯ್ದು ರಾಶಿ ಹಾಕಿ ಬೆಳಿಗ್ಗೆ ನೋಡೋಣ ಅಂದರೆ ಒಳಗೆ ಕಾವು ಹಿಡಿದು ಕೆಟ್ಟಿರುತ್ತದೆ.

ಈಗ ಮುಖ್ಯ ಲೆಕ್ಕ

ಒಂದು ಚದರ ಮೀಟರ್ ಮಡಿಗೆ ಒಂದು ಕೊಯ್ಲಿನಲ್ಲಿ 1 ಕಿಲೊ ಹಸಿ ಮಾಲು ಅಂತ ಹಿಡಿಯೋಣ. ಇದು ಲೆಕ್ಕಕ್ಕೆ ಹಿಡಿದದ್ದು. ನಿಮ್ಮ ಹೊಲದಲ್ಲಿ ಒಂದು ಚದರ ಮೀಟರ್ ಕೊಯ್ದು ತೂಗಿ ನೋಡಿ ನಿಮ್ಮ ಅಂಕಿ ಹಾಕಿಕೊಳ್ರಿ.

ಒಂದು ಗುಂಟೆಗೆ 72 ಕಿಲೊ ಹಸಿ. ಹಸಿ ಸೊಪ್ಪಿನಲ್ಲಿ ನೀರೇ ಶೇಕಡಾ 80ರ ಮೇಲೆ. ಶೇಕಡಾ 82 ಅಂತ ಹಿಡಿದು, ಶೇಕಡಾ 10 ತೇವಕ್ಕೆ ಒಣಗಿಸಿದರೆ ಕೈಗೆ ಬರೋದು ಸುಮಾರು 14 ಕಿಲೊ. ಅಂದ್ರೆ 5 ಕಿಲೊ ಹಸಿಗೆ 1 ಕಿಲೊ ಒಣ ಮಾಲು.

ಒಂದು ಎಕರೆ, 40 ಗುಂಟೆ ಹಾಕಿದಿರಿ ಅನ್ನೋಣ. ಒಂದೇ ಸಲ ಕೊಯ್ಲಿಗೆ ಬಂದರೆ 2,880 ಕಿಲೊ ಹಸಿ. ನೆರಳಿನಲ್ಲಿ ಒಂದು ಚದರ ಮೀಟರಿಗೆ 2 ಕಿಲೊಗಿಂತ ಹೆಚ್ಚು ಹರಡೋ ಹಾಗಿಲ್ಲ, ದಪ್ಪ ಆದರೆ ಬೂಸ್ಟು. ಅಂದರೆ 1,440 ಚದರ ಮೀಟರ್ ನೆರಳಿನ ಜಾಗ ಬೇಕು. ಅದು 14 ಗುಂಟೆ! ಯಾರ ಮನೆಯಲ್ಲಿದೆ ಅಷ್ಟು ನೆರಳು? ಕೊನೆಗೆ ತಾಡಪತ್ರಿ ಹಾಸಿ ಬಿಸಿಲಿಗೆ ಹಾಕ್ತಾರೆ. ಎಲೆ ಬಣ್ಣ ಹೋಗಿ ಒಣ ಹುಲ್ಲಾಗ್ತದೆ, ವ್ಯಾಪಾರಿ ಕೈಯಲ್ಲಿ ಹಿಡಿದು ನೋಡಿ ಅರ್ಧ ದರ ಹೇಳ್ತಾನೆ. ಮೇಲೆ ಹೇಳಿದ ಭಾಲ್ಕಿಯ ರೈತರಿಗೆ ಆದದ್ದೂ ಇದೇ. ಬೇರೆ ಖರೀದಿದಾರ ಸಿಕ್ಕ, ಆದರೆ ತೋರಿಸೋಕೆ ಒಳ್ಳೆ ಮಾಲು ಉಳಿದಿರಲಿಲ್ಲ.

ಹಾಗಾದರೆ ದಾರಿ ಏನು? ಆರು ಗುಂಟೆ, ವಾರಕ್ಕೊಂದು ಗುಂಟೆ.

ಆಗಸ್ಟ್ ಎರಡನೇ ವಾರದಿಂದ ವಾರಕ್ಕೆ ಒಂದೇ ಗುಂಟೆ ನಾಟಿ ಮಾಡ್ತಾ ಹೋಗ್ರಿ. ಆರು ವಾರಕ್ಕೆ ಆರು ಗುಂಟೆ. ಅಕ್ಟೋಬರ್ ಮಧ್ಯದಿಂದ ವಾರಕ್ಕೆ ಒಂದು ಗುಂಟೆ ಕೊಯ್ಲಿಗೆ ಬರುತ್ತದೆ. ಆರನೇ ಗುಂಟೆ ಕೊಯ್ಯುವಷ್ಟರಲ್ಲಿ ಆರು ವಾರ ಆಯ್ತು, ಮೊದಲನೇ ಗುಂಟೆ ಚಿಗುರಿ ಎರಡನೇ ಕೊಯ್ಲಿಗೆ ತಯಾರು. ಪ್ರತಿ ವಾರ ಒಣಗಿಸಬೇಕಾದದ್ದು 72 ಕಿಲೊ ಮಾತ್ರ. ಅದಕ್ಕೆ ಬೇಕಾದ ಜಾಗ 36 ಚದರ ಮೀಟರ್. ಒಂದರ ಮೇಲೊಂದು ನಾಲ್ಕು ಅಂತಸ್ತಿನ ತಟ್ಟಿ ಕಟ್ಟಿದರೆ ನೆಲದ ಮೇಲೆ 9 ಚದರ ಮೀಟರ್. ಓಡಾಡೋಕೆ ಜಾಗ ಸೇರಿಸಿ 10 ಅಡಿ ಅಗಲ, 15 ಅಡಿ ಉದ್ದದ ಒಂದು ಕೋಣೆ ಅಥವಾ ತಗಡಿನ ಶೆಡ್ ಸಾಕು. ಬಿದಿರು, ಹಸಿರು ನೆಟ್ ಇದ್ದರೆ ತಟ್ಟಿ ಮನೆಯಲ್ಲೇ ಮಾಡಬಹುದು. ಅಂತಸ್ತಿನ ನಡುವೆ ಒಂದೂವರೆ ಅಡಿ ಬಿಡ್ರಿ, ಎರಡೂ ಕಡೆ ಗಾಳಿ ಆಡಬೇಕು, ತಗಡಿನ ಕಾವು ನೇರ ತಾಕದ ಹಾಗೆ ಮೇಲೆ ಸೋಗೆ ಹಾಕ್ರಿ.

ದಿನಕ್ಕೆ ಎರಡು ಸಲ ತಿರುವಿದರೆ ಐದರಿಂದ ಏಳು ದಿನಕ್ಕೆ ಒಣಗುತ್ತದೆ, ಮುಂದಿನ ಗುಂಟೆಗೆ ತಟ್ಟಿ ಖಾಲಿ. ದಪ್ಪ ಕಾಂಡ ಬಗ್ಗಿಸಿದರೆ ಲಟ್ ಅಂತ ಮುರೀಬೇಕು. ಬಳುಕಿದರೆ ಇನ್ನೊಂದು ದಿನ ಬಿಡ್ರಿ. ಒಣಗಿದ ಮಾಲು ಹೊಸ ಚೀಲದಲ್ಲಿ ತುಂಬಿ, ನೆಲಕ್ಕೆ ತಾಕದ ಹಾಗೆ ಹಲಗೆ ಮೇಲೆ ಇಡ್ರಿ. ಗೊಬ್ಬರದ ಚೀಲ, ಕಾಳಿಗೆ ಔಷಧಿ ಹಾಕಿದ ಚೀಲ ಬಳಸಬೇಡ್ರಿ. ಪ್ರತಿ ಚೀಲಕ್ಕೂ ಯಾವ ಗುಂಟೆ, ಯಾವ ದಿನದ ಕೊಯ್ಲು ಅಂತ ಚೀಟಿ ಕಟ್ರಿ.

ದುಡ್ಡಿನ ಲೆಕ್ಕ

ಉದಾಹರಣೆಗೆ ಕಿಲೊಗೆ 60 ರೂಪಾಯಿ ಅಂತ ಇಟ್ಟುಕೊಳ್ಳೋಣ. ಇದು ಇವತ್ತಿನ ಪೇಟೆ ದರ ಅಲ್ಲ, ಲೆಕ್ಕ ತೋರಿಸೋಕೆ ಮಾತ್ರ. ಗುಂಟೆಗೆ ಒಂದು ಕೊಯ್ಲಿನಲ್ಲಿ 14 ಕಿಲೊ, 840 ರೂಪಾಯಿ. ಕೊಯ್ಯೋದು, ತೊಳೆಯೋದು, ತಿರುವೋದು ಸೇರಿ ಎರಡು ಆಳು, 300ರಂತೆ 600 ರೂಪಾಯಿ. ಉಳಿದದ್ದು 240. ಗೊಬ್ಬರ, ಮಡಿ ಕೆಲಸ ಇದರಲ್ಲೇ ಬರಬೇಕು. ಕೂಲಿ ಆಳು ಹಚ್ಚಿ, ಸಾಧಾರಣ ದರಕ್ಕೆ ಅಡತಿಗೆ ಹಾಕಿದರೆ ಏನೂ ಗಿಟ್ಟೋದಿಲ್ಲ ಅನ್ನೋದು ಸ್ಪಷ್ಟ. ಎಕರೆಗೆ ಲಕ್ಷ ಅಂತ ಹೇಳೋರ ಮುಂದೆ ಈ ಲೆಕ್ಕ ಇಟ್ಟು, ಯಾವ ಅಂಕಿ ತಪ್ಪು ಅಂತ ಕೇಳ್ರಿ.

ಗಿಟ್ಟೋದು ಮೂರು ಸಂದರ್ಭದಲ್ಲಿ. ಮನೆಯವರೇ ದಿನಕ್ಕೆ ಎರಡು ತಾಸು ಕೊಟ್ಟು ಮಾಡಿದಾಗ. ಶುದ್ಧ, ಪರೀಕ್ಷೆಗೆ ನಿಲ್ಲುವ ಮಾಲಿಗೆ ಹೆಚ್ಚು ದರ ಕೊಡುವ ಔಷಧಿ ತಯಾರಕರು ಸಿಕ್ಕಾಗ. ಅಥವಾ ಹಸಿ ಮಾಲೇ ಮಾರಿದಾಗ. ಮೂರನೆಯದನ್ನು ಬಹಳ ಜನ ಯೋಚಿಸೋದಿಲ್ಲ. ಶಾಸ್ತ್ರದ ಪ್ರಕಾರ ಭೃಂಗರಾಜ ತೈಲಕ್ಕೆ ಬೇಕಾಗೋದು ಹಸಿ ಗಿಡದ ರಸ. ಲೈಸೆನ್ಸ್ ಇರುವ ತಯಾರಕರು ಹತ್ತಿರದಲ್ಲಿದ್ದರೆ ವಾರಕ್ಕೆ 70 ಕಿಲೊ ತಾಜಾ ಗರಗ ತಪ್ಪದೆ ಕೊಡೋ ರೈತ ಅವರಿಗೂ ಬೇಕು. ಬೀದರ್‌ನ ಆಯುರ್ವೇದ ಕಾಲೇಜು, ಅಲ್ಲಿಯ ವೈದ್ಯರು ವಿಚಾರಿಸೋಕೆ ಒಳ್ಳೆ ಜಾಗ. ಗಿಡದ ಗುರುತನ್ನೂ ಅಲ್ಲೇ ಖಾತ್ರಿ ಮಾಡಿಕೊಳ್ಳಬಹುದು. ಒಣ ಮಾಲಿಗೆ ಹೈದರಾಬಾದಿನ ಬೇಗಂ ಬಜಾರ್ ನಮಗೆ ಹತ್ತಿರದ ದೊಡ್ಡ ಪೇಟೆ.

ನಾವೇ ಎಣ್ಣೆ ಮಾಡಿ ಮಾರೋಣ ಅನ್ನೋರಿಗೆ ಒಂದು ಮಾತು. ಮನೆ ಬಳಕೆಗೆ ಎಷ್ಟಾದರೂ ಮಾಡ್ರಿ. ಮಾರಾಟಕ್ಕೆ ಕೂದಲೆಣ್ಣೆ ಮಾಡಬೇಕಾದರೆ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು. ಹಾಗೇ ‘ಕಾಮಣಿಗೆ ಔಷಧಿ’ ಅಂತ ಚೀಟಿ ಅಂಟಿಸಿ ಪುಡಿ ಮಾರೋದೂ ಬೇಡ. ಕಾಮಣಿ ಬಂದವರು ಮೊದಲು ಡಾಕ್ಟರ ಹತ್ರ ಹೋಗಬೇಕು.

ಕಾಗದಪತ್ರ

ಕಾಡು ಗಿಡ ಮತ್ತು ಬೆಳೆದ ಗಿಡ ಕಾನೂನಿನಲ್ಲೂ ಬೇರೆ ಬೇರೆ. 2002ರ ಜೈವಿಕ ವೈವಿಧ್ಯ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿ, ಬೆಳೆಸಿದ ಔಷಧಿ ಸಸ್ಯಗಳಿಗೆ ವಿನಾಯಿತಿ ಕೊಟ್ಟಿದೆ. ಆದರೆ ‘ಇದು ಬೆಳೆಸಿದ್ದು’ ಅನ್ನೋ ಮೂಲ ಪ್ರಮಾಣಪತ್ರ ಬೇಕಾಗುತ್ತದೆ. ಗ್ರಾಮ ಪಂಚಾಯತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯಲ್ಲಿ ವಿಚಾರಿಸ್ರಿ. ಬೆಳೆ ಸಮೀಕ್ಷೆಯಲ್ಲಿ ಗರಗ ಅಂತ ದಾಖಲು ಮಾಡಿಸಿ, ನಾಟಿಯ ಮತ್ತು ಕೊಯ್ಲಿನ ಫೋಟೊ, ದಿನಾಂಕ ಬರೆದ ಒಂದು ವಹಿ ಇಟ್ಟುಕೊಳ್ರಿ. ದೊಡ್ಡ ಖರೀದಿದಾರ ಮೊದಲು ಕೇಳೋದೇ ಇದನ್ನ. ಮಣ್ಣು, ನೀರಿನ ಪರೀಕ್ಷೆಗೆ ಬೀದರ್ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗ್ರಿ. ಔಷಧಿ ಸಸ್ಯಗಳಿಗೆ ಕೇಂದ್ರದಲ್ಲಿ 2000ದಲ್ಲಿ ಆರಂಭವಾದ ರಾಷ್ಟ್ರೀಯ ಔಷಧೀಯ ಸಸ್ಯ ಮಂಡಳಿ ಇದೆ. ಅದರ ಯೋಜನೆಗಳ ಬಗ್ಗೆ ತೋಟಗಾರಿಕೆ ಇಲಾಖೆಯಲ್ಲಿ ಕೇಳಬಹುದು.

ನಾಟಿಗೆ ಮೊದಲು ಐದು ಪ್ರಶ್ನೆ

1. ಅಕ್ಟೋಬರ್‌ನಿಂದ ಜನವರಿವರೆಗೆ ಶುದ್ಧ ನೀರು ಇದೆಯೇ?
2. 10 ಅಡಿ, 15 ಅಡಿ ನೆರಳಿನ ಜಾಗ ಖಾಲಿ ಇದೆಯೇ?
3. ಮನೆಯಲ್ಲಿ ದಿನಾ ಎರಡು ತಾಸು ಕೊಡೋರು ಇದ್ದಾರೆಯೇ?
4. ಕಡಿಮೆ ಅಂದರೂ ಇಬ್ಬರು ಖರೀದಿದಾರರ ಜೊತೆ ಮಾತಾಡಿ, ಒಂದು ಕಿಲೊ ಮಾದರಿ ತೋರಿಸಿದ್ದೀರಾ?
5. ‘ವಾಪಸ್ ಖರೀದಿ’ ಅನ್ನೋರು ದರ, ಪ್ರಮಾಣ, ದಿನಾಂಕ ಹಾಕಿ ಬರೆದು ಕೊಟ್ಟಿದ್ದಾರಾ?

ಐದಕ್ಕೂ ಹೌದು ಅಂದರೆ ಆರು ಗುಂಟೆ ಹಾಕ್ರಿ. ಮೂರಕ್ಕೆ ಮಾತ್ರ ಹೌದು ಅಂದರೆ ಈ ವರ್ಷ ಒಂದೇ ಗುಂಟೆ ಹಾಕಿ, ಆ ಮಾದರಿ ಹಿಡಿದು ಖರೀದಿದಾರರನ್ನು ಹುಡುಕ್ರಿ. ಅದಕ್ಕಿಂತ ಕಡಿಮೆ ಆದರೆ ಬಾವಿ ಬದುವಿನ ಗರಗದಿಂದ ಮನೆಗೆ ಎಣ್ಣೆ ಕಾಸಿಕೊಳ್ರಿ, ಹೊಲಕ್ಕೆ ಕಡಲೆ, ಕುಸುಬಿ ಹಾಕ್ರಿ. ಬೀಜ ಆಯೋ ರೈತರು ಈಗಿನಿಂದಲೇ ಶುದ್ಧ ಜಾಗದ ಗಿಡ ಗುರುತು ಮಾಡಿಟ್ಟುಕೊಳ್ರಿ, ಪುನರ್ವಸು ಮಳೆ ಹತ್ತುವಷ್ಟರಲ್ಲಿ ಸಸಿ ಮಡಿಗೆ ಬೀಜ ಕೈಯಲ್ಲಿರಬೇಕು.